ಬೇರೆ ಗೈಡ್ ತೋರಿಸದ ಮುಖ

ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದ ನಮ್ಮ ಪಕ್ಕದ ಮನೆಯವನು ಪ್ರವಾಸಿಗರಿಗೆ ಹೇಳುತ್ತಿದ್ದ ಮೊದಲ ಮಾತೇ ಸುಳ್ಳು: "ಇದನ್ನ ಬೇರೆ ಗೈಡ್ ತೋರ್ಸಲ್ಲ ಸಾರ್." ಎಲ್ಲರೂ ತೋರಿಸುತ್ತಿದ್ದುದು ಅದನ್ನೇ. ಜೇಬಿನ ಕನ್ನಡಿಯಿಂದ ಬಿಸಿಲು ಹಾಯಿಸಿ, ದಾಳಿಕೋರರು ಮೂಗು ಮುರಿದ ವಿಗ್ರಹಗಳಿಗೆ ದಿನಕ್ಕೊಂದು ಕಥೆ ಕಟ್ಟುತ್ತಿದ್ದ.

ಒಮ್ಮೆ ಬೆಂಗಳೂರಿನ ಮ್ಯೂಸಿಯಮ್ಮಿಗೆ, ಜಪಾನಿನ ಆಳ್ವಿಕೆಯ ವಿರುದ್ಧ ಕೊರಿಯಾ ನಡೆಸಿದ ಸ್ವಾತಂತ್ರ್ಯ ಹೋರಾಟದ ಪ್ರದರ್ಶನ ನೋಡಲು ಅವನನ್ನು ಕರೆದೊಯ್ದೆ. ಅಭ್ಯಾಸಬಲದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಕೊರಿಯಾ ಎಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಅವನ ಹಿಂದೊಂದು ಗುಂಪು ಸೇರಿತ್ತು. ಘೋಷಣೆ ಕೂಗುವ ಜನರ ಫೋಟೋ ಮುಂದೆ ನಿಂತು, "ನೋಡಿ ಸಾರ್, ಒಬ್ರ ಕೈಲೂ ಕತ್ತಿ ಇಲ್ಲ" ಎಂದು ಶುರು ಮಾಡಿದ.

"ಸುಮ್ನಿರೋ, ಹೊರಗೆ ಹಾಕ್ತಾರೆ" ಎಂದೆ.

"ಹಾಕ್ಲಿ ಬಿಡೋ, ಚಪ್ಲಿ ಹೊರಗೇ ಐತೆ."

ಮುಂದಿನದು ಜಪಾನೀಯರ ಜೈಲಿನಲ್ಲಿದ್ದ ಹುಡುಗಿಯೊಬ್ಬಳ ಫೋಟೋ. ಹೊಡೆತಕ್ಕೆ ಮುಖ ಊದಿಕೊಂಡಿತ್ತು. ಅವನ ಕೈ ಜೇಬಿಗೆ ಹೋಯಿತು. ಕನ್ನಡಿ ಮಾತ್ರ ಹೊರಬರಲಿಲ್ಲ. ಗುಂಪು ಕಥೆಗಾಗಿ ಕಾಯುತ್ತಿತ್ತು.

"ಒಡೆಯಕ್ಕೆ ಬಂದೋರು ಎಲ್ಲಾ ಕಡೇನೂ ಮೊದ್ಲು ಮುಖಕ್ಕೇ ಕೈ ಹಾಕ್ತಾರೆ ಕಣ್ರೀ" ಎಂದ. ಆಮೇಲೆ ಮೆತ್ತಗೆ, "ಇದನ್ನ ಬೇರೆ ಗೈಡ್ ತೋರ್ಸಲ್ಲ ಸಾರ್."

ಆ ಮಾತು ನಿಜವಾಗಿದ್ದು ಅದೊಂದೇ ಸಲ. ಹೊರಗೆ ಬಂದು ನೋಡಿದರೆ ಚಪ್ಪಲಿ ಮಾಯ.