ನಸ್ಯದ ಕರವಸ್ತ್ರ

ಮದುವೆಯಾದ ಮೂರನೆಯ ವರ್ಷಕ್ಕೇ ನನ್ನ ಗಂಡನ ನಸ್ಯದ ಕರವಸ್ತ್ರ ಕಂಡರೆ ಹೇಸಿಗೆಯಾಗತೊಡಗಿತ್ತು. ಕಂದು ಬಣ್ಣದ ಅಂಟು, ಒಣಗಿ ರಟ್ಟಿನಂತಾದ ಮಡಿಕೆ. ಅದನ್ನು ದಿಂಬಿನ ಕೆಳಗೆ ಬೇರೆ ಇಡುತ್ತಿದ್ದರು. ಡಿಸ್ಗಸ್ಟಿಂಗ್! ಅರವತ್ತರ ದಶಕದ ಆರಂಭ ಅದು. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ, ಸ್ಪೂನು ತಟ್ಟೆಗೆ ತಾಗಿ ಸದ್ದಾದರೂ ಸಿಸ್ಟರ್ ಹತ್ತಿರ ಬೈಸಿಕೊಂಡು ಬೆಳೆದವಳು. ಇವರೋ, ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನೆಲದ ಮೇಲೆ ಕೂತು, ಅಂಗೈಗೆ ಸಾರು ಹಾಕಿಸಿಕೊಂಡು, ಪಕ್ಕದ ಮನೆಗೆ ಕೇಳುವಂತೆ ಸೊರ್ ಎಂದು ಹೀರುವವರು. ಟೇಬಲ್ ಮ್ಯಾನರ್ಸ್ ಎಂದು ಮಾತೆತ್ತಿದರೆ ನಮ್ಮ ಮನೆಯಲ್ಲಿ ಟೇಬಲ್ಲೇ ಇಲ್ಲವಲ್ಲ ಎಂದು ನಗುತ್ತಿದ್ದರು.

ಸಂಜೆ ಮಣಿ ಎಣಿಸುತ್ತಾ ಹೇಳುವ ಜಪಸರಕ್ಕೆ ಪಕ್ಕಪಕ್ಕದಲ್ಲಿ ಮಂಡಿಯೂರುತ್ತಿದ್ದೆವು. ಪ್ರಾರ್ಥನೆಯ ಮೊದಲರ್ಧ ಅವರದು, ನಡುವೆ ಸೀನು. ಉಳಿದರ್ಧ ನನ್ನದು, ಮುಖ ತಿರುಗಿಸಿಕೊಂಡು ಹೇಳುತ್ತಿದ್ದೆ. ಬರಬರುತ್ತಾ, ಊಟದ ಹೊತ್ತಿನ ಒಂದೆರಡು ಮಾತು ಬಿಟ್ಟರೆ, ನಮ್ಮಿಬ್ಬರ ಮಾತುಕತೆ ಅಷ್ಟಕ್ಕೇ ಬಂದು ನಿಂತಿತು.

ನಮ್ಮ ಕ್ಯಾಥೊಲಿಕರಲ್ಲಿ ಗಂಡನನ್ನು ಬಿಡುವುದೆಂಬುದಿಲ್ಲ. ಚರ್ಚಿನ ಆಲ್ಟರ್ ಮುಂದೆ ಸಾಯುವ ತನಕ ಎಂದಮೇಲೆ ಸಾಯುವ ತನಕವೇ. ಆದರೂ ಒಂದು ಶನಿವಾರ ಟ್ರಂಕಿಗೆ ಸೀರೆ ತುಂಬಿದೆ. ಸೋಮವಾರದ ಬಸ್ಸಿಗೆ ಶಿವಮೊಗ್ಗದ ತವರಿಗೆ ಹೋಗಿಬಿಡುವುದು, ಮತ್ತೆ ಬರದೇ ಇರುವುದು. ಅದಕ್ಕೆ ಮೊದಲು ಪಾಪನಿವೇದನೆ ಮುಗಿಸೋಣವೆಂದು ಅಂದೇ ಚರ್ಚಿಗೆ ಹೋದೆ.

ಪಾಪ ಹೇಳಿಕೊಳ್ಳುವ ಗೂಡಿನ ಜಾಲರಿಯ ಆಚೆ ವಯಸ್ಸಾದ ಫಾದರ್ ಇದ್ದರು. ನಸ್ಯ, ಸೀನು, ಸಾರಿನ ಸದ್ದು, ದಿಂಬಿನ ಕೆಳಗಿನ ಕರವಸ್ತ್ರ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದೆಲ್ಲ ನಿನ್ನ ಗಂಡನ ಪಾಪ ಅಲ್ವೇನಮ್ಮ? ಅದನ್ನ ಅವನೇ ಬಂದು ಹೇಳ್ಕೋತಾನೆ. ನಿಂದು ಹೇಳು."

ನನಗೆ ಒಂದೂ ಹೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ಕರವಸ್ತ್ರಕ್ಕಿಂತ ಹೆಚ್ಚು ಹೇಸಿಗೆ ನನ್ನ ಮೇಲೇ ಹುಟ್ಟುತ್ತದೆ. ಪ್ರಾಯಶ್ಚಿತ್ತಕ್ಕೆ ಅವರು ಪ್ರಾರ್ಥನೆ ಕೊಡಲಿಲ್ಲ. ಇವತ್ತು ಊಟದ ಹೊತ್ತಿಗೆ ಗಂಡನ ಒಂದು ಒಳ್ಳೆಯ ಗುಣವನ್ನು ಅವನ ಮುಖಕ್ಕೇ ಹೇಳು ಎಂದರು. ಅದನ್ನು ಮಾಡದೆ ಭಾನುವಾರದ ಪೂಜೆಯಲ್ಲಿ ಫಾದರ್ ಕೊಡುವ ಪ್ರಸಾದಕ್ಕೆ ನಾಲಿಗೆ ಚಾಚುವ ಧೈರ್ಯ ನನಗಿರಲಿಲ್ಲ.

ಊಟಕ್ಕೆ ಬಡಿಸಿದೆ. ಹುಡುಕಿ ಹುಡುಕಿ ಕೊನೆಗೆ, "ನೀವು ಸುಳ್ಳು ಹೇಳೋರಲ್ಲ," ಎಂದೆ.

ಸಾರು ತುಂಬಿದ ಅವರ ಅಂಗೈ ಬಾಯಿಯ ಹತ್ತಿರವೇ ನಿಂತಿತು. "ಹೇಳ್ತೀನಿ ಮಾರಾಯ್ತಿ. ಮೂರು ವರ್ಷದಿಂದ ದಿನಾ ಹೇಳ್ತಿದೀನಲ್ಲ, ಸಾರು ಚೆನ್ನಾಗಿದೆ ಅಂತ."

ಕಾನ್ವೆಂಟಿನಲ್ಲಿ ನನಗೆ ಲೇಸ್ ಹೆಣೆಯುವುದನ್ನು ಕಲಿಸಿದ್ದರು, ಸಾರು ಮಾಡುವುದನ್ನಲ್ಲ. ಹಾಗಾದರೆ ಅಷ್ಟು ಸದ್ದು ಮಾಡಿ ಯಾಕೆ ಹೀರುತ್ತೀರಿ ಎಂದು ಕೇಳಿದೆ.

"ನಾಲಿಗೆಗೆ ತಾಗೋದ್ರೊಳಗೆ ಗಂಟಲಿಗೆ ಇಳೀಲಿ ಅಂತ."

ಸಿಟ್ಟು ಬರಬೇಕಿತ್ತು. ನಗು ಬಂತು, ಎಷ್ಟೋ ತಿಂಗಳ ಮೇಲೆ.

ಸೋಮವಾರ ಟ್ರಂಕಿನಿಂದ ಸೀರೆಗಳನ್ನು ತೆಗೆದಿಟ್ಟೆ. ಆಮೇಲೆ ಆ ಕರವಸ್ತ್ರವನ್ನು ಕೋಲಿನ ತುದಿಯಲ್ಲಿ ಎತ್ತಿ ಬಿಸಿನೀರಿಗೆ ಹಾಕಿದೆ. ವಾಕರಿಕೆ ಬಂತು. ಅವರಿದ್ದಷ್ಟು ವರ್ಷವೂ, ಪ್ರತಿ ಸೋಮವಾರ, ಬರುತ್ತಲೇ ಇತ್ತು. ಸಾರು ಸುಧಾರಿಸಿತು, ಆ ಸೊರ್ ಮಾತ್ರ ನಿಲ್ಲಲಿಲ್ಲ.