ಗೌರತ್ತೆ ಹೊಲಿದ ಕೂಸಿನ ಅಂಗಿಗಳು

ಹಳೆಯ ಧೋತರ ಹರಿಯುವ ಸದ್ದು ಹೊಸ ಬಟ್ಟೆಯ ಸದ್ದಿನಂತಲ್ಲ. ಹೊಸದು ಸಿಟ್ಟಿಗೆದ್ದಂತೆ ಚರ್ರನೆ ಹರಿಯುತ್ತದೆ. ವರ್ಷಗಟ್ಟಲೆ ಒಗೆಸಿಕೊಂಡದ್ದು ಉಸಿರು ಬಿಟ್ಟಷ್ಟು ಮೆತ್ತಗೆ ಎರಡಾಗುತ್ತದೆ. ಮೊನ್ನೆ ಪಕ್ಕದ ಮನೆಯಲ್ಲಿ ಯಾರೋ ನೆಲ ಒರೆಸಲಿಕ್ಕೆಂದು ಹಳೆಯ ಧೋತರ ಹರಿಯುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತ ಕೂತೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಬಾಗಲಕೋಟೆಯ ಹಳೇ ಊರಿನ ನಮ್ಮ ಮನೆ, ಅದರ ಕಲ್ಲುಹಾಸಿನ ಪಡಸಾಲೆ, ಬೆಳಕಿಂಡಿಯಿಂದ ಇಳಿಯುತ್ತಿದ್ದ ಮಧ್ಯಾಹ್ನದ ಬಿಸಿಲು, ಆ ಬಿಸಿಲಿಗೆ ಕಾಲು ಚಾಚಿ ಕೂತ ಗೌರತ್ತೆ, ಎಲ್ಲ ಬಂದು ಮುಂದೆ ನಿಂತವು. ಆ ಮನೆ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನಿಮ್ಮ ಬಾಲ್ಯದ ಮನೆಯೂ ಹೀಗೆ ಗುರುತಿಲ್ಲದೆ ಹೋಗಿದ್ದರೆ, ಒಂದು ಸಣ್ಣ ಸದ್ದು ಮನುಷ್ಯರನ್ನು ಎಷ್ಟು ದೂರ ಎಳೆದೊಯ್ಯುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಗೌರತ್ತೆ ನಮ್ಮ ಅಪ್ಪನ ತಂಗಿ. ಅವಳನ್ನು ಇಳಕಲ್ಲಿನ ಮಗ್ಗದ ಮನೆಯೊಂದಕ್ಕೆ ಕೊಟ್ಟಿದ್ದರು. ಹನ್ನೆರಡು ವರ್ಷ ಕಳೆದರೂ ಅವಳಿಗೆ ಮಕ್ಕಳಾಗಿರಲಿಲ್ಲ. ನಾವು ಮೂವರು ಹುಡುಗಿಯರು. ನಾನು ದೊಡ್ಡವಳು, ನನಗಾಗ ಹತ್ತು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಅವ್ವ ನಾಲ್ಕನೆಯ ಸಲ ಬಸುರಾದಾಗ ಆಯಿ, ಅಂದರೆ ಅಪ್ಪನ ತಾಯಿ, ಮನೆಮಂದಿಯನ್ನೆಲ್ಲ ಮಹಾಕೂಟಕ್ಕೆ ಕರೆದೊಯ್ದಳು. ಹೊಂಡದಲ್ಲಿ ಮಿಂದು, ಕಾಯಿ ಒಡೆಸಿ, ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಆಯಿ ಎಲ್ಲರಿಗೂ ಕೇಳುವಂತೆ, "ಈ ಸಲದ ಕೂಸು ಗೌರಾಗ" ಎಂದಳು. ಅಪ್ಪ ತಲೆಯಾಡಿಸಿದ. ಅವ್ವ ತಾನಾಗಿಯೇ ಗೌರತ್ತೆಯ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಹೆಣ್ಣರ ಆಗಲಿ, ಗಂಡರ ಆಗಲಿ, ಇದು ನಿಮ್ಮದ ಗೌರಕ್ಕ" ಎಂದಳು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮುಂದೆ ಎಲ್ಲರೂ ಮಾತು ಹೀಗಿರಲಿಲ್ಲ ಎಂದದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಅವ್ವನಿಗೆ ಏಳು ತಿಂಗಳು ತುಂಬುತ್ತಿದ್ದಂತೆ ಗೌರತ್ತೆ ಬಂದಳು. ಜೊತೆಗೆ ಕೈಯಿಂದ ತಿರುಗಿಸುವ ತನ್ನ ಹೊಲಿಗೆ ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅದರ ಎಣ್ಣೆಯ ವಾಸನೆ ನಮ್ಮ ಪಡಸಾಲೆಯ ವಾಸನೆಯೇ ಆಗಿಹೋಯಿತು. ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಯಬಾರದೆಂದು ಆಯಿ ತಕರಾರು ತೆಗೆದಳು. "ಹಳೇ ಅರಿವಿಗೆ ದೋಷ ಇಲ್ಲಬೇ" ಎಂದು ಅತ್ತೆ ಅಪ್ಪನ ಧೋತರಗಳನ್ನು ಹರಿಯತೊಡಗಿದಳು. ಅವಳು ಮೊದಲಿಗೆ ಕತ್ತರಿ ಮುಟ್ಟುತ್ತಿರಲಿಲ್ಲ. ಹಲ್ಲಿನಿಂದ ಒಂದು ಕಚ್ಚು ಹಾಕಿ ಹರಿದರೆ ಬಟ್ಟೆ ತನ್ನ ಎಳೆ ಹಿಡಿದು ನೆಟ್ಟಗೆ ಹೋಗುತ್ತದೆ ಎನ್ನುತ್ತಿದ್ದಳು. ಸಾಲೆಗೆ ರಜೆ ಇದ್ದುದರಿಂದ ನಾನು ದಿನವಿಡೀ ಅವಳ ಮಗ್ಗುಲಲ್ಲಿರುತ್ತಿದ್ದೆ. ಮೊದಲು ಯಂತ್ರದ ಹಿಡಿಕೆ ತಿರುವುವ ಕೆಲಸ, ಆಮೇಲೆ ಅಂಗಿ ಕಟ್ಟುವ ಕಸಿ ಹೊಲಿಯುವುದು, ಆಮೇಲೆ ಪುಟ್ಟ ಅಂಗಿ. ಎಳೆಕೂಸಿನ ಅಂಗಿಗೆ ಗುಂಡಿ ಇಡಬಾರದು, ಕಸಿಯೇ ಇರಬೇಕು. ಹೊಲಿಗೆಯ ಅಂಚು ಹೊರಗೆ ಬರಬೇಕು. ನಾನು ಅದನ್ನು ಎಂದಿನಂತೆ ಒಳಗೆ ಮಡಚಿ ಹೊಲಿದು ಹೆಮ್ಮೆಯಿಂದ ತೋರಿಸಿದರೆ ಅವಳು ನನ್ನ ಕೆನ್ನೆಗೆ ಆ ಅಂಚನ್ನು ಉಜ್ಜಿ, "ಚುಚ್ಚತೈತೋ ಇಲ್ಲೋ? ನೋಡೋರಿಗೆ ಚಂದ ಕಾಣಾಕಲ್ಲ ಇದು, ತೊಡೋರಿಗೆ. ಬಿಚ್ಚು" ಎಂದಳು. ಆ ಎರಡು ತಿಂಗಳಲ್ಲಿ ನಾನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಆರು ಅಂಗಿಗಳಾದವು. ನೀರಿನ ತಂಬಿಗೆಯನ್ನು ಬೋರಲು ಹಾಕಿ, ಅದನ್ನೇ ಕೂಸಿನ ತಲೆ ಎಂದುಕೊಂಡು ಅಳತೆ ತೆಗೆದು ನಾಲ್ಕು ಕುಲಾಯಿಗಳಾದವು. ಗುಳೇದಗುಡ್ಡದ ಹಳೆಯ ಖಣದ ತುಂಡಿನಿಂದ, ತಲೆಯಿಂದ ಬೆನ್ನಿನ ಮೇಲೆ ಇಳಿಬೀಳುವ ಒಂದು ಕುಂಚಿಗೆಯಾಯಿತು. ಕೊನೆಗೆ ಒಂದು ಸ್ವೇಟರು. ಗಂಡಾದರೂ ಹೆಣ್ಣಾದರೂ ನಡೆಯಲೆಂದು ಅತ್ತೆ ಹಳೆಯ ಉಣ್ಣೆಯಲ್ಲೇ ಹಳದಿ ಆರಿಸಿದ್ದಳು. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಬೆವರಿದ ನನ್ನ ಬೆರಳಿಗೆ ಉಣ್ಣೆ ಅಂಟಿಕೊಂಡು ಸೂಜಿ ಜಾರುತ್ತಿತ್ತು. ಎಡತೋಳು ಪೂರ್ತಿ ನನ್ನದೇ ಕೈಯದು. ಒಮ್ಮೆ ಹೆಣೆಯುತ್ತ, "ಕೂಸು ಇಳಕಲ್ಲಿಗೆ ಹೋದ ಮ್ಯಾಲ ನಾ ಬರಬೇಕಂದ್ರ?" ಎಂದು ಕೇಳಿದೆ. "ನೀ ಬರದಿದ್ರ ಅದರ ಅಂಗಿ ಹೊಲ್ಯಾಕ ನನಗ್ಯಾರದಾರ?" ಎಂದಳು. ಅವಳಿಗೆ ನಾನು ಬೇಕಾಗಿದ್ದೇನೆ ಎಂದು ಆ ದಿನವೆಲ್ಲ ಓಣಿಯಲ್ಲಿ ಹಾರಾಡಿದೆ.

ಕೂಸು ಗಂಡಾಯಿತು. ದವಾಖಾನೆಯಿಂದ ಸುದ್ದಿ ತಂದ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾವು ಮೂವರು ಹುಟ್ಟಿದಾಗ ಹಂಚಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ಗೌರತ್ತೆ ಹನ್ನೆರಡು ದಿನ ಕೂಸಿಗೆ ಎರೆದಳು, ಲೋಬಾನದ ಹೊಗೆ ಹಾಕಿದಳು, ಅಂಗಿಯ ಕಸಿ ಕಟ್ಟಿದಳು. ಕೂಸನ್ನು ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಪ್ಪನ ಅಕ್ಕನೋ ತಂಗಿಯೋ. ಕೂಸು ತನ್ನದಾಗುತ್ತದಲ್ಲ, ಅದಕ್ಕೆ ಸೋದರತ್ತೆ ತನ್ನ ಗಂಡನ ಅಕ್ಕನೇ ಎಂದು ಗೌರತ್ತೆ ಆಕೆಯನ್ನು ಕಮತಗಿಯಿಂದ ಕರೆಸಿದ್ದಳು. ಆಕೆ ಹೊಸ ಸೀರೆಯುಟ್ಟು ತೊಟ್ಟಿಲ ಹತ್ತಿರವೇ ಕೂತಿದ್ದಳು. ಮನೆ ತುಂಬ ಹೆಂಗಸರು. ಆಯಿ ಕೂಸನ್ನು ಎತ್ತಿಕೊಂಡು, ಆಕೆಯನ್ನು ದಾಟಿ ಬಂದು ಗೌರತ್ತೆಯ ಮುಂದೆ ನಿಂತಳು. "ಬಾರವಾ ಗೌರಾ, ಸೋದರತ್ತಿ ನೀನಲ್ಲೇನು? ಹೆಸರ ನೀನ ಇಡಬೇಕು."

ಗೌರತ್ತೆ ಅಪ್ಪನ ಕಡೆ ನೋಡಿದಳು. ಅಪ್ಪ ಬಾಗಿಲಲ್ಲಿ ನಿಂತವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವ್ವನ ಕಡೆ ನೋಡಿದಳು. ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆಗ ಅವಳು ಬಗ್ಗಿ, ಕೂಸಿನ ಕಿವಿಯಲ್ಲಿ ಆಯಿ ಹೇಳಿಕೊಟ್ಟ ಹೆಸರನ್ನು ಹೇಳಿದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ತಮಾಷೆಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಹೆಂಗಸರೆಲ್ಲ ನಗುತ್ತ ಗುದ್ದಿದರು. ಅವಳು ತೊಟ್ಟಿಲ ಹಗ್ಗ ಹಿಡಿದು ಗುದ್ದಿಸಿಕೊಳ್ಳುತ್ತ ನಿಂತಳು. ಕಮತಗಿಯಾಕೆ ಊಟ ಮಾಡದೆ ಎದ್ದು ಹೋದಳು.

ಮರುದಿನ ಅಪ್ಪ ಕಚೇರಿಗೆ ಹೊರಡುವ ಮೊದಲು ಗೌರತ್ತೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಕೇಳಿಯೇಬಿಟ್ಟಳು. ನಾನು ಮೂಲೆಯಲ್ಲಿ ಒಗೆದ ಅಂಗಿಗಳನ್ನು ಮಡಚುತ್ತಿದ್ದೆ.

"ಮಹಾಕೂಟದಾಗ ಏನಂದಿದ್ರಿ?"

"ಹೆಣ್ಣಾಗಿದ್ರ ಕೊಡತಿದ್ವಿ" ಎಂದಳು ಆಯಿ. "ಮೂರ ಹೆಣ್ಣಿನ ಮ್ಯಾಲ ಒಂದ ಗಂಡು. ನಿಮ್ಮಣ್ಣನ ಮನಿ ದೀಪ ಅದು. ನೀನ ವಿಚಾರ ಮಾಡು."

"ವೈನಿ, ನೀವರ ಹೇಳ್ರಿ."

ಅವ್ವ ಕೂಸಿಗೆ ಹಾಲೂಡುತ್ತಿದ್ದಳು. ತಲೆ ಎತ್ತಲಿಲ್ಲ. "ಬೇಕಂದ್ರ ಶೈಲಾನ್ನ ಕರಕೊಂಡ ಹೋಗ್ರಿ ಗೌರಕ್ಕ. ನಿಮಗ ಭಾಳ ಹೊಂದ್ಯಾಳ. ಹೊಲಿಗಿನೂ ಕಲ್ತಾಳ."

ನನ್ನ ಹೆಸರು ನನಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. ಅವ್ವ ಅದನ್ನು ಎಷ್ಟು ಸಲೀಸಾಗಿ ಅಂದಳೆಂದರೆ, ಬಹಳ ದಿನಗಳಿಂದ ಯೋಚಿಸಿ ಇಟ್ಟಿರಬೇಕು. ಆದರೆ ಅದರ ಹಿಂದೆಯೇ ನನ್ನೊಳಗೆ ಒಂದು ಆಸೆ ಎದ್ದಿತು: ಆಗಲಿ, ಹೋಗುತ್ತೇನೆ. ಅಂಗಿಗಳನ್ನು ಕೆಳಗಿಟ್ಟು ಗೌರತ್ತೆಯ ಮುಖ ನೋಡಿದೆ. ಅವಳು ನನ್ನತ್ತ ತಿರುಗಲೇ ಇಲ್ಲ. "ನನಗ ಬದಲಿ ಬ್ಯಾಡ" ಎಂದಳು. ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಯಂತ್ರವನ್ನು ಕೌದಿಯಲ್ಲಿ ಸುತ್ತಿಕೊಂಡು ಹೋದಳು. ಹೊಲಿದ ಬಟ್ಟೆಗಳಲ್ಲಿ ಒಂದನ್ನೂ ಒಯ್ಯಲಿಲ್ಲ.

ತಮ್ಮ ಆ ಅಂಗಿಗಳನ್ನೆಲ್ಲ ತೊಟ್ಟ. ಬಂದವರ ಮುಂದೆ ಅವ್ವ, "ಅವರತ್ತಿ ಎಷ್ಟ ಪ್ರೀತಿಲೆ ಹೊಲದ ಕೊಟ್ಟಾಳ ನೋಡ್ರಿ" ಎನ್ನುತ್ತಿದ್ದಳು. ಚಳಿಗಾಲ ಬಂದಾಗ ಹಳದಿ ಸ್ವೇಟರು ಹೊರಗೆ ಬಂತು. ಅದನ್ನು ಕೂಸಿಗೆ ತೊಡಿಸು ಎಂದು ನನ್ನ ಕೈಗೆ ಕೊಟ್ಟರು. ನಾನು ಹಿತ್ತಲಿಗೆ ಹೋಗಿ, ಕೊರಳಿನ ಕೊನೆಯ ಗಂಟು ಹುಡುಕಿ, ಎಳೆ ಎಳೆದೆ. ಸಾಲಿನ ಮೇಲೆ ಸಾಲು ಸುಮ್ಮನೆ ಬಿಚ್ಚಿಕೊಳ್ಳುತ್ತ ಹೋಯಿತು. ಅವ್ವ ಬಂದು ನೋಡುವಷ್ಟರಲ್ಲಿ ಎಡತೋಳೊಂದೇ ಉಳಿದಿತ್ತು. ಅವತ್ತು ಅವ್ವ ನನ್ನನ್ನು ಹೊಡೆದಷ್ಟು ಮತ್ತೆಂದೂ ಹೊಡೆದಿಲ್ಲ. ಯಾಕೆ ಬಿಚ್ಚಿದೆ ಎಂದು ಮಾತ್ರ ಕೇಳಲಿಲ್ಲ.

ಗೌರತ್ತೆ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆಯಿ ತೀರಿಕೊಂಡಾಗ ಅವಳ ಗಂಡ, ನಮ್ಮ ಮಾವ, ಒಬ್ಬನೇ ಬಂದು ಮಣ್ಣು ಹಾಕಿ ಹೋದ. ಹತ್ತು ವರ್ಷಗಳ ಮೇಲೆ, ಹುನಗುಂದದಲ್ಲಿ ನಾನು ಟೀಚರ್ ತರಬೇತಿಗೆ ಸೇರಿದ್ದಾಗ, ಒಂದು ಐತವಾರದ ರಜೆಗೆ ಮನೆಯಲ್ಲಿ ಹೇಳದೆ ಇಳಕಲ್ಲಿನ ಬಸ್ಸು ಹತ್ತಿದೆ. ಬಾಗಿಲು ತೆರೆದವಳು ನನ್ನನ್ನು ಕ್ಷಣ ನೋಡಿ, "ಎಷ್ಟ ಎತ್ತರಾಗೀಯವಾ" ಎಂದಳು. ತಲೆ ಅರ್ಧ ಬೆಳ್ಳಗಾಗಿತ್ತು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಚಹಾ ಕೊಟ್ಟಳು, ಹುಡುಗ ಸಾಲೆಗೆ ಹೋಗುತ್ತಾನೇನು ಎಂದು ಕೇಳಿದಳು. ನಾನು ಇಷ್ಟು ವರ್ಷ ನುಂಗಿಕೊಂಡದ್ದನ್ನು ಕೇಳಿಬಿಟ್ಟೆ. "ಅವತ್ತು ನನ್ನ ಯಾಕ ಕರಕೊಂಡ ಬರಲಿಲ್ಲತ್ತಿ? ನಾ ಬರಾಕ ತಯಾರಿದ್ದೆ."

ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟಳು. "ನಿನ್ನ ಕರಕೊಂಡ ಬಂದಿದ್ರ ಅವರು ಆರಾಮ ಆಗಿಬಿಡತಿದ್ರು. ಕೊಟ್ಟ ಮಾತು ಉಳಿಸೇವಿ ಅಂತಿದ್ರು. ಅವರನ್ನ ಹಂಗ ಬಿಡಬಾರದು ಅನ್ನೂ ಸಿಟ್ಟು ನನಗ. ಖರೆ ಹೇಳತೇನಿ ಶೈಲಾ, ನಿನ್ನ ವಿಚಾರ ನಾ ಮಾಡಲೇ ಇಲ್ಲ." "ಈ ಮನಿಗೆ ಬಂದು ಬಾಗಲಾ ತಗದ ಮ್ಯಾಲ, ನಿನ್ನ ಬಿಟ್ಟ ಬಂದೇನಂತ ಗೊತ್ತಾತು. ಆವಾಗ ತಿರಗಿ ಬರಾಕ ಮುಖ ಇರಲಿಲ್ಲ" ಎಂದಳು.

ಸಂಜೆ ಬಸ್ ನಿಲ್ದಾಣದವರೆಗೆ ಬಂದಳು. ದಾರಿಯುದ್ದಕ್ಕೂ ಸಣ್ಣ ಹುಡುಗಿಯನ್ನು ಹಿಡಿದಂತೆ ನನ್ನ ಕೈ ಹಿಡಿದಿದ್ದಳು. ಬಸ್ಸು ಹತ್ತುವಾಗ, "ಮುಂದಿನ ಐತವಾರ ಬರ್ತಿಯೇನು?" ಎಂದಳು. "ಬರ್ತೇನಿ" ಎಂದೆ. ಆ ಐತವಾರ ಪರೀಕ್ಷೆಯ ಓದಿತ್ತು. ಅದರಾಚೆಯ ಐತವಾರ ಮತ್ತೇನೋ. ಆಮೇಲೆ ನನ್ನ ಮದುವೆ ಗೊತ್ತಾಯಿತು, ಅವ್ವನಿಗೆ ಬೇಸರವಾಗುತ್ತದೆಂದು ಲಗ್ನಪತ್ರಿಕೆಯನ್ನೂ ಕಳಿಸಲಿಲ್ಲ. ಮರುವರ್ಷ ಅವಳು ತೀರಿಹೋದಳು. ಸುದ್ದಿ ತಿಳಿಸಲು ಬಂದ ಮಾವ ಅಂಗಳದಲ್ಲೇ ನಿಂತು ಹೇಳಿದ. ನಾನು ಇಳಕಲ್ಲಿಗೆ ಹೋಗಿ ಬಂದ ಮೇಲೆ ಅವಳು ಬಹಳ ದಿನ ಐತವಾರಗಳಂದು ಅಡಿಗೆಯನ್ನು ತಡಮಾಡಿ ಮಾಡುತ್ತಿದ್ದಳಂತೆ, ಬಸ್ಸು ಬಂದು ಹೋಗಲಿ ಎಂದು.