ರೊಟ್ಟಿಯೊಳಗಿನ ಸಕ್ಕರೆ

ನಿನ್ನೆ ಎಳ್ಳಮಾವಾಸ್ಯೆ. ತಟ್ಟೆಯಲ್ಲಿದ್ದ ಶೇಂಗಾ ಹೋಳಿಗೆಯನ್ನು ಹೆಂಡತಿ ನನ್ನ ಕಣ್ಣೆದುರೇ ಎತ್ತಿಕೊಂಡು ಹೋದಳು. ಉಳಿದದ್ದು ಜೋಳದ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಹಬ್ಬದ ಬಜ್ಜಿ. ಜೇವರ್ಗಿಯ ಡಾಕ್ಟರು ಮೊನ್ನೆಯಷ್ಟೇ ನನಗೂ ಶುಗರ್ ಎಂದಿದ್ದರು. ಕಾಲೇಜಿನಲ್ಲಿ ಕಾರ್ಬೋಹೈಡ್ರೇಟಿನ ಪಾಠ ಹೇಳಿಯೇ ತಲೆ ನರೆಸಿಕೊಂಡವನು ನಾನು. ಅದಕ್ಕಾದರೂ ನನ್ನ ಮೇಲೆ ದಾಕ್ಷಿಣ್ಯ ಬೇಡವೇ? ಆ ಹೊತ್ತಿಗೆ ಮಾದನಹಿಪ್ಪರಗಾದ ದೊಡ್ಡವ್ವ ನೆನಪಾದಳು.

ವರ್ಷಗಳ ಹಿಂದೆ ತನಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನವೇ ದೊಡ್ಡವ್ವ ಸಕ್ಕರೆ ಬಿಟ್ಟು ಚಹಾಕ್ಕೆ ಧಾರಾಳವಾಗಿ ಬೆಲ್ಲ ಹಾಕಿಕೊಂಡಳು. ಕಾಲ್ಬೆರಳಿನ ಗಾಯ ಮಾತ್ರ ಮಾಯಲೊಲ್ಲದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ನಡೆದುಹೋಗಿ, ಪೈರಿನ ಮೇಲೆ ಎಡೆಯ ಅಡುಗೆ ಎರಚಿ ಚರಗ ಚೆಲ್ಲದಿದ್ದರೆ ಭೂಮಿತಾಯಿಗೆ ಏನು ಹೇಳಲಿ ಎಂಬುದು ಅವಳ ಚಿಂತೆ. ನನಗೋ, ಬೆರಳೇ ಹೋದೀತೆಂಬ ಭಯ.

“ದೊಡ್ಡವ್ವ, ಬೆಲ್ಲನೂ ಸಕ್ರೀನೇ,” ಅಂದೆ.

“ಸಕ್ರಿ ಫ್ಯಾಕ್ಟ್ರೀದು. ಬೆಲ್ಲ ಅಫಜಲಪುರದಾಗ ನಮ್ಮ ತಮ್ಮನ ಹೊಲದ್ದು. ಎರಡೂ ಹೆಂಗ ಒಂದ ಆಗ್ತಾವ?”

ನನ್ನೊಳಗಿನ ಮಾಸ್ತರ ಎದ್ದು ಕೂತ. ಗ್ಲುಕೋಸಿಗೆ ಫ್ರಕ್ಟೋಸ್ ಜೋಡಿಯಾದರೆ ಸಕ್ಕರೆ. ಬೆಲ್ಲದಲ್ಲೂ ಬಹುಪಾಲು ಅದೇ. ಗ್ಲುಕೋಸುಗಳೇ ಕೈಕೈ ಹಿಡಿದು ಉದ್ದಕ್ಕೆ ನಿಂತರೆ ಜೋಳದ ಪಿಷ್ಟ. ಸಾಕ್ಷಿಗೆಂದು ರೊಟ್ಟಿಯ ಚೂರು ಕೊಟ್ಟು, ನುಂಗದೆ ಅಗಿಯಲು ಹೇಳಿದೆ.

“ಸಿಹಿ ಆಗಾಕತ್ತದಲ್ಲೋ ತಮ್ಮಾ.”

“ಜೊಲ್ಲು ಆ ಸರಪಳಿ ಕಡೀತದ. ಹೊಟ್ಟಿಗಿ ಹೋದ ಮ್ಯಾಲ ಎಲ್ಲಾ ಗ್ಲುಕೋಸೇ.” ಗೆದ್ದೆನೆಂದು ಎದೆಯುಬ್ಬಿಸಿದೆ.

ದೊಡ್ಡವ್ವ ಎದ್ದುಹೋಗಿ ಡಬ್ಬಿಯಿಂದ ಹೋಳಿಗೆ ತಂದಳು. “ಕಡೀಕ ಎಲ್ಲಾ ಅದೇ ಆಗೂದಿದ್ರ ಪಾಪ ಹೊಟ್ಟಿಗ್ಯಾಕ ಕಡಿಯೋ ಕೆಲಸಾ ಹಚ್ಚಬೇಕು?”

ಇಂಥ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅವಳ ಮಗಳ ಮದುವೆ ನೆನಪಾಗಿ ಜೀವ ಬಂತು.

“ಬೀಗರು ಒಬ್ಬೊಬ್ಬರಾಗಿ ಬಂದ್ರ ಸುಧಾರಸ್ತಿ. ಟೆಂಪೋ ತುಂಬ ಒಮ್ಮೆಲೇ ಬಂದು ಬಾಗಲದಾಗ ಇಳಿದ್ರ? ರೊಟ್ಟಿ ಸಕ್ರಿ ರಕ್ತಕ್ಕ ಬರೂದು ಒಬ್ಬೊಬ್ಬ ಬೀಗ ಬಂದಂಗ. ರೊಟ್ಟೀನೂ ಭಾಳ ಆಗಬಾರದು. ಹೋಳಿಗಿ ಅಂದ್ರ ಟೆಂಪೋ.”

ಅವಳ ಕೈ ನಿಂತಿತು. ಆ ಮದುವೆಯಲ್ಲಿ ಬೀಗರ ಟೆಂಪೋ ಬಂದಿಳಿದಾಗ ಸಾರು ಸಾಲದೆ ನೀರು ಬೆರೆಸಿ ಮಾನ ಉಳಿಸಿಕೊಂಡವಳು ಅವಳು.

“ಅದನ್ನ ಮೊದಲ ಹೇಳಬಾರದೇನೋ,” ಎಂದು ಹೋಳಿಗೆಯನ್ನು ಡಬ್ಬಿಗೆ ಹಾಕಿದಳು. ಬೆಲ್ಲ ಅಟ್ಟ ಸೇರಿತು. ಗುಳಿಗೆಯೂ ನಡೆಯಿತು, ಗಾಯ ಮಾಯಿತು. ಆ ಅಮಾವಾಸ್ಯೆಗೆ ನಮ್ಮೆಲ್ಲರಿಗಿಂತ ಮುಂದೆ ನಡೆದು ಚರಗ ಚೆಲ್ಲಿದಳು. ಆಮೇಲೆ ಯಾರು ಸಿಹಿ ನೀಡಿದರೂ, “ಟೆಂಪೋ ಬಂತು, ಬಾಗಲಾ ಹಾಕ್ರಿ,” ಅನ್ನುವಳು. ನಮ್ಮ ಮನೆಯಲ್ಲೂ ಅದು ಮಾತಾಯಿತು.

ನಿನ್ನೆ ನಾನೂ ಹೆಂಡತಿಗೆ, “ಕಡೀಕ ಎಲ್ಲಾ ಗ್ಲುಕೋಸೇ...” ಎಂದು ಶುರುಮಾಡಿದೆ.

“ಟೆಂಪೋ ಬಂದದ್ರಿ,” ಎಂದು ಆಕೆ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ನಗು ಬಂತು, ದೊಡ್ಡವ್ವ ಈಗಿಲ್ಲವಲ್ಲ ಎಂದು ಸಂಕಟವೂ ಆಯಿತು. ರೊಟ್ಟಿ ಮುರಿದು ಬಾಯಿಗಿಟ್ಟು, ಅವಳಂತೆಯೇ ನುಂಗದೆ ಅಗಿಯುತ್ತ ಕೂತೆ. ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಸಿಹಿಯಾಯಿತು.